ಆರತಿ ಹಾಡಿನ ಹೆಸರು

ಆರತಿ ಹಾಡಿನಲ್ಲಿ ಮದುಮಗಳ ಹೆಸರು ಸೇರಿಸಿ ಹಾಡುವುದು ಆ ಮನೆಯ ಪದ್ಧತಿ. ಶ್ರೀಪತಿಯ ಮೊದಲ ಮದುವೆಯಲ್ಲಿ ಹಾಡಿದವರೂ ಮನೆಯ ಹಿರಿಯಜ್ಜಿ ತುಂಗಮ್ಮನವರೇ. ಆ ಹೆಂಡತಿ ತೀರಿಕೊಂಡು ನಾಲ್ಕು ವರ್ಷ. ಇಂದು ಅವನಿಗೆ ಎರಡನೆಯ ಮದುವೆ. ಬೆಳಗಿನಿಂದ “ರೋಹಿಣಿ, ರೋಹಿಣಿ” ಎಂದು ಹೊಸ ಹೆಸರನ್ನು ಬಾಯಿಪಾಠ ಮಾಡಿಕೊಂಡಿದ್ದರೂ, ರಾಗ ಎತ್ತಿದ್ದೇ ತಡ, ನಾಲಿಗೆ ತಾನಾಗಿ “ಮಾಲಿನಿ” ಎಂದುಬಿಟ್ಟಿತು.

“ಒಳ್ಳೇ ಹೊತ್ತಲ್ಲಿ ಸತ್ತವಳ ಹೆಸರು ಎತ್ತಬೇಕಿತ್ತಾ?” ಎಂದರು ಹೆಣ್ಣಿನ ಸೋದರತ್ತೆ.

ತುಂಗಮ್ಮನವರಿಗೆ ತಲೆ ಎತ್ತಲಾಗಲಿಲ್ಲ. ಕೈಯಲ್ಲಿದ್ದ ಆರತಿ ತಟ್ಟೆಯನ್ನು ಕೆಳಗಿಳಿಸಿದರು.

“ತಪ್ಪಾಯ್ತಮ್ಮ ರೋಹಿಣಿ. ರಾಗ ಹಿಡಿದ್ರೆ ಹಳೇ ಪದವೇ ಬಂದ್ಬಿಡುತ್ತೆ, ನನ್ನ ಮಾತೇ ಕೇಳಲ್ಲ. ನಿನ್ನ ಹೆಸರು ಹಾಕಿ ಇನ್ನೊಂದ್ಸಲ ಹಾಡ್ತೀನಿ.”

ಮದುಮಗಳು ತಟ್ಟೆಗೆ ಕೈಯಾನಿಸಿ ಹಿಡಿದುಕೊಂಡಳು.

“ಬೇಡ ಅಜ್ಜಿ. ಅದು ಅಕ್ಕನ ಹಾಡು, ಹಾಗೇ ಇರ್ಲಿ. ನಂಗೆ ಬೇರೆ ಒಂದು ಹೇಳಿ.”