ಟವೆಲ್ ಕೆಳಗಿನ ರೇಟು

"ಅಕ್ಕಾ, ಎಂದಿನ ಹಾಗೆ ವ್ಯಾಪಾರ ಮಾಡು. ಲಾರಿ ಬರೋವರೆಗೂ ಅಷ್ಟೇ," ಎಂದ ಕದಿರೇಶ, ಒಳಕೋಣೆಯ ಬಾಗಿಲ ಸಂದಿಯಿಂದ. ಅವನ ಚಾಕು ಆದಿಲಕ್ಷ್ಮಿಯ ಅಪ್ಪ ದೊಡ್ಡವೆಂಕಟಪ್ಪನವರ ಕುತ್ತಿಗೆಗೆ ತಾಗಿಕೊಂಡಿತ್ತು. "ಮೊಬೈಲ್‌ನಲ್ಲಿ ಬರೋ ಒಂದ್ ನಿಮಿಷದ ಸೀರಿಯಲ್ ಹೀರೋಯಿನ್ ಥರ ಕಣ್ಸನ್ನೆ ಗಿಣ್ಸನ್ನೆ ಮಾಡಿದ್ಯೋ, ತಾತ ಇರಲ್ಲ."

ಕಳೆದ ಸೀಸನ್ನಿನಲ್ಲಿ ಶ್ರೀನಿವಾಸಪುರದಲ್ಲಿ ರೈತರ ಹಣ್ಣನ್ನು ಕಮಿಷನ್ನಿಗೆ ಮಾರಿಕೊಡುವ ಅಪ್ಪ-ಮಗಳ ಇದೇ ಮಾವಿನ ಮಂಡಿಯಲ್ಲಿ ಕ್ರೇಟು ಹೊತ್ತವನು ಅವನು, ಅವಳ ಕೈಯಿಂದಲೇ ಮಜ್ಜಿಗೆ ಕುಡಿದವನು. ಬೆಳಿಗ್ಗೆ ಮುಳಬಾಗಿಲಿನಲ್ಲಿ ಯಾರಿಗೋ ಇರಿದು ಓಡಿ ಬಂದಿದ್ದ. ಹನ್ನೆರಡಕ್ಕೆ ಚಿತ್ತೂರಿಗೆ ಹೊರಡುವ ಹಣ್ಣಿನ ಲಾರಿಯಲ್ಲಿ ಅಪ್ಪನನ್ನೂ ಹತ್ತಿಸಿಕೊಂಡು ಗಡಿ ದಾಟುವುದು ಅವನ ಯೋಚನೆ. ದಾಟಿದ ಮೇಲೆ ಅಪ್ಪನನ್ನು ಏನು ಮಾಡುತ್ತೀಯ ಎಂದು ಕೇಳಲು ಅವಳಿಗೆ ಧೈರ್ಯ ಬರಲಿಲ್ಲ. ಅವಳ ಫೋನಂತೂ ಅವನ ಜೇಬು ಸೇರಿತ್ತು.

ಹನ್ನೊಂದಕ್ಕೆ ಮುನಿಕೃಷ್ಣಪ್ಪ ಬಂದ. ಚಿತ್ತೂರಿನ ಜ್ಯೂಸ್ ಫ್ಯಾಕ್ಟರಿಗೆ ಹಣ್ಣು ಕೊಳ್ಳುವವನು. ತೋತಾಪುರಿ ರಾಶಿಯಿಂದ ಒಂದನ್ನೆತ್ತಿ ಮೂಸಿ, ಹೆಗಲ ಮೇಲಿನ ಟವೆಲ್ ಚಾಚಿದ. ಈ ಮಂಡಿಯಲ್ಲಿ ರೇಟು ಬಾಯಲ್ಲಿ ಹೇಳುವ ಪದ್ಧತಿಯಿಲ್ಲ. ಟವೆಲ್ ಕೆಳಗೆ ಕೈಗೆ ಕೈ ಕೊಟ್ಟು, ಬೆರಳು ಹಿಡಿದು ಹೇಳಬೇಕು. ಅಲ್ಲಿ ಆಡಿದ್ದು ಅಲ್ಲೇ ಸಾಯಬೇಕು. ಕದಿರೇಶನಿಗೆ ಇದು ಗೊತ್ತು. ಟವೆಲ್ ಕೆಳಗೆ ರೇಟು ಬಿಟ್ಟು ಬೇರೇನೂ ಹೇಳಲು ಬಾರದೆಂಬುದೂ ಗೊತ್ತು. ತಡೆಯಲಿಲ್ಲ.

ಸರಿ, ರೇಟನ್ನೇ ಹೇಳೋಣವೆಂದುಕೊಂಡಳು ಆದಿಲಕ್ಷ್ಮಿ. ಅಂದು ತೋತಾಪುರಿ ಕಿಲೋಗೆ ಹತ್ತು ರೂಪಾಯಿ. ಅವಳು ಅವನ ಐದೂ ಬೆರಳು ಹಿಡಿದು, ಅಂಗೈಯಲ್ಲಿ ಸೊನ್ನೆ ಎಳೆದಳು. ಐವತ್ತು! ಬುದ್ಧಿ ನೆಟ್ಟಗಿರುವ ಯಾರೂ ಕೇಳದ ರೇಟು. ಇಷ್ಟು ವರ್ಷ ಮಂಡಿ ಮಣ್ಣು ತುಳಿದವನಿಗೆ ಇಲ್ಲೇನೋ ಎಡವಟ್ಟಾಗಿದೆಯೆಂದು ಹೊಳೆಯದೇ?

ಮುನಿಕೃಷ್ಣಪ್ಪ ಒಂದೇ ಬೆರಳು ಹಿಡಿದು ಸೊನ್ನೆ ಎಳೆದ. ಹತ್ತು. ಅವಳು ಮತ್ತೆ ಐದನ್ನೂ ಹಿಡಿದಳು, ಉಗುರು ಊರುವಂತೆ. ಅವನು ಕೈ ಕಿತ್ತುಕೊಂಡ.

"ಏಮಮ್ಮಾ, ತಲೆ ಗಿಲೆ ಕೆಟ್ಟಿದೆಯಾ?"

"ಅದೇ ರೇಟು ಕಣಣ್ಣಾ. ಕಮ್ಮಿ ಇಲ್ಲ."

ಅವನು ಟವೆಲ್ ಕೊಡವಿಕೊಂಡು ಹೊರಟೇ ಹೋದ.

ಮುನಿಕೃಷ್ಣಪ್ಪನಿಗೆ ಏನೂ ಹೊಳೆದಿರಲಿಲ್ಲ. ಆದರೆ ಮಾತು ಹೊಟ್ಟೆಯಲ್ಲಿ ನಿಲ್ಲದ ಆಸಾಮಿ. ಟೀ ಅಂಗಡಿಯಲ್ಲಿ, "ದೊಡ್ಡವೆಂಕಟಪ್ಪನ ಮಗಳು ತೋತಾಪುರಿಗೆ ಐವತ್ತು ಕೇಳ್ತಾಳಂತೆ ಕಣ್ರೋ," ಎಂದು ನಕ್ಕ. ಮೂರನೆಯ ಬಾಯಿಗೆ ಬರುವಷ್ಟರಲ್ಲಿ ಅದು "ಕೊಡಿಸ್ತಾಳಂತೆ" ಆಯಿತು. ಅರ್ಧ ಗಂಟೆಯಲ್ಲಿ ಬೇರೆ ಮಂಡಿಗಳ ಮುಂದೆ ಸಾಲು ನಿಂತಿದ್ದ ಟ್ರ್ಯಾಕ್ಟರುಗಳೆಲ್ಲ ಇತ್ತ ತಿರುಗಿದವು.

ಗದ್ದಲ ಕೇಳಿ, ಜನ ತನ್ನನ್ನು ಹಿಡಿಯಲೆಂದೇ ಬಂದರು ಅಂದುಕೊಂಡ ಕದಿರೇಶ, ಮುದುಕನನ್ನು ಮುಂದಿಟ್ಟುಕೊಂಡು ಹೊರಬಿದ್ದ. "ಹತ್ರ ಬಂದ್ರೆ ಕುಯ್ದುಬಿಡ್ತೀನಿ!"

ಚಾಕುವನ್ನು ಯಾರೂ ನೋಡಲಿಲ್ಲ. "ಲೇ, ಹಿಂದೆ ಹೋಗ್ಲಾ, ನಾವು ಮೊದ್ಲು ಬಂದಿರೋದು," ಎಂದು ಒಬ್ಬ ರೈತ ಅವನನ್ನು ಮೊಣಕೈಯಿಂದ ತಿವಿದ. ಚಾಕು ಕಾಲುಗಳ ನಡುವೆ ಎಲ್ಲೋ ಬಿತ್ತು. ಆದಿಲಕ್ಷ್ಮಿ ಅಪ್ಪನನ್ನು ಎಳೆದುಕೊಂಡು ಕಿರುಚಿದಳು. ಹಮಾಲಿಗಳು ಕದಿರೇಶನನ್ನು ಕೆಡವಿ, ಪೊಲೀಸರು ಬರುವವರೆಗೂ ಅವನ ಮೇಲೆಯೇ ಕೂತರು.

ಜೀಪು ಹೋಯಿತು. ಟ್ರ್ಯಾಕ್ಟರುಗಳು ಹೋಗಲಿಲ್ಲ. ತಾಯಲೂರಿನಿಂದ ಹಣ್ಣು ತಂದಿದ್ದ ದೊಡ್ಡಗಂಗಮ್ಮ ಮುಂದೆ ಬಂದಳು.

"ಚಾಕು ಕತೆ ಆಮೇಲೆ ಹೇಳುವಂತೆ ತಾಯಿ. ಐವತ್ತು ಅಂದಿದ್ದು ನಿಜಾನಾ?"

ಸುತ್ತ ಅಷ್ಟೊಂದು ಮುಖಗಳು. ಆದಿಲಕ್ಷ್ಮಿ ಅಪ್ಪನ ಕಡೆ ನೋಡಿದಳು.

"ಎಲ್ರೆದುರು ಬ್ಯಾಡ ಬಿಡು," ಎಂದು ಮುದುಕಿ ಸೆರಗು ಚಾಚಿ, ಅದರ ಕೆಳಗೆ ಕೈ ಕೊಟ್ಟಳು. "ಇಲ್ಲೇ ಹೇಳು."

ಐದೂ ಬೆರಳು ಬಿಡಿಸಿಕೊಂಡು ಆ ಒರಟು ಕೈ ಕಾಯುತ್ತಿತ್ತು. ಅದರಲ್ಲಿ ಒಂದನ್ನು ಮಾತ್ರ ಹಿಡಿಯಲು ಆದಿಲಕ್ಷ್ಮಿಯಿಂದ ಆಗಲಿಲ್ಲ.