ಹದಿನಾರನೆಯವರು

ಏಪ್ರಿಲ್ ಬಿಸಿಲಿಗೆ ನೆನೆದು ಭಾರವಾಗಿದ್ದ ಹಿಮ ಇಳಿಜಾರಿನಿಂದ ಒಮ್ಮೆಗೇ ಕಳಚಿ, ರಂಜನಿಯ ಚಾರಣದ ಗುಂಪು ಆಗಷ್ಟೇ ದಾಟಿ ಬಂದಿದ್ದ ಕಾಲುದಾರಿಯನ್ನು ನುಂಗಿಹಾಕಿತು. ಗುಡುಗಿನಂಥ ಸದ್ದು ಅಡಗಿದಾಗ ದಾರಿಯಿದ್ದಲ್ಲಿ ಒದ್ದೆ ಹಿಮದ ದಿಬ್ಬವೊಂದಿತ್ತು, ಅದರೊಳಗಿಂದ ಮುರಿದ ಮರಗಳು ಇಣುಕುತ್ತಿದ್ದವು.

ಗಸ್ತಿನಲ್ಲಿದ್ದ ರೇಂಜರ್ ಓಡಿಬಂದು ತಲೆ ಎಣಿಸಿದಳು. "ಹದಿನೈದು. ಬೆಟ್ಟದ ಬುಡದ ರಿಜಿಸ್ಟರಿನಲ್ಲೂ ಹದಿನೈದೇ ಇದೆ. ಸದ್ಯ, ಎಲ್ಲರೂ ಪಾರಾದಿರಿ."

ಅಮೆರಿಕದ ಆ ಅಡಿರಾಂಡಾಕ್ ಬೆಟ್ಟದಲ್ಲಿ ಒಂದು ಗುಂಪಿಗೆ ಹದಿನೈದು ಜನರ ಮಿತಿ. ಬೆಳಿಗ್ಗೆ ರಿಜಿಸ್ಟರಿನಲ್ಲಿ ಒಬ್ಬರನ್ನು ಕಡಿಮೆ ಬರೆದವನು ಪ್ರವಾಸದ ಮುಂದಾಳು ಶ್ರೀಹರ್ಷ. "ಅಂಕಲ್, ನೀವು ಸ್ವಲ್ಪ ಹಿಂದೆ ಬನ್ನಿ. ಯಾರಾದ್ರೂ ಕೇಳಿದ್ರೆ ಒಬ್ನೇ ಬಂದಿದೀನಿ ಅನ್ನಿ" ಎಂದು ಗುಂಪಿನ ಹಿರಿಯರೊಬ್ಬರಿಗೆ ಹೇಳಿದ್ದ. "ಆಗ್ಲಪ್ಪ, ಇವತ್ತು ನಾನು ನಿಮ್ಮ ಬಾಲ" ಎಂದು ಆ ಹಿರಿಯರು ಹಿಂದುಳಿದಿದ್ದರು. ಆ ಸುಳ್ಳನ್ನು ಜಾಣತನವೆಂದು ಮೆಚ್ಚಿ ನಕ್ಕವರಲ್ಲಿ ರಂಜನಿಯೂ ಒಬ್ಬಳು.

"ಶ್ರೀಹರ್ಷ, ಅಂಕಲ್ ಎಲ್ಲಿ?"

"ಶ್! ಕಾರ್ ಹತ್ರ ವಾಪಸ್ ಹೋಗಿರ್ತಾರೆ. ಈಗ ಬಾಯಿ ಬಿಟ್ರೆ ಕೇಸ್ ಆಗತ್ತೆ ರಂಜನಿ, ನನ್ನ ಗ್ರೀನ್ ಕಾರ್ಡ್ ಪೆಂಡಿಂಗ್ ಇದೆ."

"ಮಣ್ಣು ಹಾಕ್ರೀ ನಿಮ್ಮ ಕಾರ್ಡಿಗೆ! ಅಲ್ಲಿ ಒಂದು ಜೀವ ಇದೆ ಕಣ್ರೀ!" ರಂಜನಿ ರೇಂಜರ್ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕಿರುಚಿದಳು: "ನಾವು ಹದಿನಾರು ಜನ! ಒಬ್ಬರು ನಮ್ಮ ಹಿಂದೆ ಇದ್ದರು!"

ರೇಂಜರ್ ರೇಡಿಯೋದಲ್ಲಿ ನೆರವು ಕೇಳಿ, ಹೂತವರನ್ನು ಹುಡುಕುವ ಉದ್ದನೆಯ ಸಲಾಕೆಯನ್ನು ಹಿಮಕ್ಕೆ ಚುಚ್ಚತೊಡಗಿದಳು. ಹಿಮ ಆಗಲೇ ಕಾಂಕ್ರೀಟಿನಂತೆ ಬಿಗಿಯುತ್ತಿತ್ತು. "ಹೆಸರು ಹಿಡಿದು ಕೂಗಿ, ಉತ್ತರ ಬರುತ್ತದೆಯೇ ಕಿವಿಗೊಟ್ಟು ಕೇಳಿ. ಅವರ ಹೆಸರೇನು?"

ರಂಜನಿ ಶ್ರೀಹರ್ಷನ ಕಡೆ ತಿರುಗಿದಳು. ಪಿಸ್ಕಾಟವೇ ಊರಿನಿಂದ ಐದು ಗಂಟೆ ಕಾರಿನಲ್ಲಿ ಆ ಹಿರಿಯರ ಪಕ್ಕದಲ್ಲೇ ಕುಳಿತು ಬಂದಿದ್ದಳು, ಅವರ ಡಬ್ಬಿಯ ಚಕ್ಕುಲಿ ತಿಂದಿದ್ದಳು, ಹೆಸರು ಮಾತ್ರ ಕೇಳಿರಲಿಲ್ಲ. ಶ್ರೀಹರ್ಷ ಫೋನಿನಲ್ಲಿ ಹುಡುಕಿದ. ಅವರ ನಂಬರಿನ ಮೇಲೆ ಅವನು ಬರೆದುಕೊಂಡದ್ದು ಅವರ ಊರಿನ ಹೆಸರು ಸೇರಿಸಿ 'ಮಾನ್ಮತ್ ಜಂಕ್ಷನ್ ಅಂಕಲ್' ಎಂದಷ್ಟೇ.

"ಅಂಕಲ್..." ಎಂದು ತೊದಲಿದ.

ರೇಂಜರ್ ಸಲಾಕೆ ನಿಲ್ಲಿಸದೆಯೇ ಕೇಳಿದಳು: "ನಿಮ್ಮಲ್ಲಿ ಯಾರ ಅಂಕಲ್?"

ಹದಿನೈದು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.