ಬಿಸಿ ಆರುವ ಮುನ್ನ

ಹೆಂಡತಿ ಸತ್ತ ಮೇಲೆ ದ್ಯಾವಣ್ಣ ಕಾಡಂಚಿನ ಗುಡಿಸಲಲ್ಲಿ ಒಬ್ಬನೇ ಉಳಿದಿದ್ದ. ಮಾತಾಡಿಸಲು ಒಂದು ನರಪಿಳ್ಳೆಯೂ ಅತ್ತ ಸುಳಿಯುತ್ತಿರಲಿಲ್ಲ. ಆ ಬೆಳಿಗ್ಗೆ ಅವನು ಜಿಂಕೆಯೊಂದನ್ನು ಹೊಡೆದ. ಮೈ ಬಿಸಿ ಆರುವ ಮೊದಲೇ ಹೊಟ್ಟೆ ಸೀಳಿ ಕರುಳು ತೆಗೆಯದಿದ್ದರೆ ಮಾಂಸ ಕೆಡುತ್ತದೆಂದು, ಬೇಟೆಯಲ್ಲೇ ತಲೆ ನರೆತ ಅವನಿಗೆ ಯಾರೂ ಹೇಳಬೇಕಿರಲಿಲ್ಲ. ಆದರೂ ಚೂರಿಯನ್ನು ಪಕ್ಕದಲ್ಲಿಟ್ಟು ಸುಮ್ಮನೆ ಕೂತ.

ಬಿಸಿಲೇರಿದ ಮೇಲೆ ಫಾರೆಸ್ಟ್ ಗಾರ್ಡ್ ಬಂದ. ಅಷ್ಟರಲ್ಲಿ ಜಿಂಕೆಯ ಹೊಟ್ಟೆ ಉಬ್ಬಿ ನೊಣ ಮುತ್ತಿದ್ದವು.

"ಏನಜ್ಜ, ಹೊಟ್ಟೆ ಸೀಳಿಲ್ಲ, ಓಡಿಹೋಗ್ಲೂ ಇಲ್ಲ. ಯಾರಿಗೆ ಕಾಯ್ತಾ ಕೂತಿದ್ದೀಯ?"

"ನಿಮಗೇ ಸ್ವಾಮಿ."

"ಇನ್ನು ನಿಂಗೆ ಜೈಲೇ ಗತಿ, ಗೊತ್ತಾ?"

ದ್ಯಾವಣ್ಣ ಎರಡೂ ಕೈ ಮುಂದೆ ಚಾಚಿದ.

"ಗೊತ್ತು. ಅಲ್ಲಿ ಒಂದೊಂದು ಕೋಣೇಲಿ ಎಷ್ಟು ಜನ ಇರ್ತಾರೆ ಸ್ವಾಮಿ?"